ಸಹಾಯ ಬೇಕು: ಮಳೆಗಾಲದಲ್ಲಿ ವ್ಯಾನಿನ ಪವರ್ ಸ್ಟೇಷನ್ ಚಾರ್ಜ್ ಮಾಡುವುದು ಹೇಗೆ?

ನಮ್ಮ ಕ್ಯಾಂಪರ್ ವ್ಯಾನಿನಲ್ಲಿ 1000 ವ್ಯಾಟ್ ಅವರ್ ಪವರ್ ಸ್ಟೇಷನ್ (ಎತ್ತಿಕೊಂಡು ಹೋಗಬಹುದಾದ ದೊಡ್ಡ ಬ್ಯಾಟರಿ ಪೆಟ್ಟಿಗೆ) ಇದೆ. ಸಣ್ಣ ಫ್ರಿಜ್ ಅದರಲ್ಲೇ ಓಡಬೇಕು, ಅಪ್ಪನ ಇನ್ಸುಲಿನ್ ಇರುವುದು ಆ ಫ್ರಿಜ್ ಒಳಗೆ. ಬೇಸಿಗೆಯಲ್ಲಿ ಸೋಲಾರ್ ಸಾಕಾಗಿತ್ತು. ಈಗ ಆಗುಂಬೆಯಲ್ಲಿ ಜಡಿಮಳೆ, ಮಧ್ಯಾಹ್ನ ಹನ್ನೆರಡಕ್ಕೂ ಡಿಸ್‌ಪ್ಲೇ 14 ವ್ಯಾಟ್ ತೋರಿಸುತ್ತೆ, ಮರದ ಕೆಳಗೆ ನಿಲ್ಲಿಸಿದರೆ ಅದೂ ಇಲ್ಲ. ಗಾಡಿಯ 12 ವೋಲ್ಟ್ ಸಾಕೆಟ್‌ಗೆ 10 ಆಂಪ್ ಫ್ಯೂಸ್, ನೂರು ವ್ಯಾಟ್‌ಗಿಂತ ಜಾಸ್ತಿ ಎಳೆಯುವ ಹಾಗಿಲ್ಲ, ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆ ಮುಟ್ಟುವಷ್ಟರಲ್ಲಿ ಕಾಲು ಭಾಗ ತುಂಬಿದರೆ ಹೆಚ್ಚು.

ಇಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್‌ನಿಂದ ಚಾರ್ಜ್ ಆಗುವ ಡಿಸಿ-ಡಿಸಿ ಚಾರ್ಜರ್ ಹಾಕಿಸೋಣ ಅಂತಿದ್ದೇನೆ. ಆದರೆ ಗಾಡಿಯ ಬ್ಯಾಟರಿ ಹತ್ತಿರ ಫ್ಯೂಸ್ ಇಲ್ಲದೆ ಸುಮ್ನೆ ವೈರ್ ಎಳೆದು ಬಿಡುವ ಕೆಲಸ ಬೇಡ, ಬೆಂಕಿ ಭಯ ಅಲ್ವಾ? ಶಿವಮೊಗ್ಗದಲ್ಲಿ ಇದನ್ನು ಸರಿಯಾಗಿ ಮಾಡುವ ಆಟೋ ಎಲೆಕ್ಟ್ರಿಷಿಯನ್ ಗೊತ್ತಿದ್ದರೆ ದಯವಿಟ್ಟು ಹೇಳಿ. ನೀವು ಎಷ್ಟು ಆಂಪ್ ಚಾರ್ಜರ್ ಹಾಕಿಸಿದ್ದೀರಿ?