ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಸೂಪರ್‌ಫಂಡ್ ಜಾಗದ ಹತ್ತಿರ ಬಾಡಿಗೆ ಮನೆ, ಹೋಗಬಹುದಾ?

ತಿಪಟೂರಿನವಳು:
ವಿಸ್ಮನ್ ರಸ್ತೆ ಕಡೆ ಒಂದು ಮನೆ ನೋಡಿದ್ದೇವೆ. ಕರಾರು ಪತ್ರದ ಕೊನೆಯಲ್ಲಿ, ಇಲ್ಲಿನ ಅಂತರ್ಜಲ ಕೆಟ್ಟಿದೆ, ಅಮೆರಿಕ ಸರ್ಕಾರ ಶುಚಿ ಮಾಡಿಸಲು ಗುರುತಿಸಿದ ವಿಷದ ಜಾಗಗಳ ಸೂಪರ್‌ಫಂಡ್ ಪಟ್ಟಿಯಲ್ಲಿದೆ ಅಂತ ಒಂದು ಸಾಲು. ಏಜೆಂಟನ್ನು ಕೇಳಿದರೆ "ಅದು ಹಳೇ ಕಥೆ" ಅಂತ ನಕ್ಕುಬಿಟ್ಟ. ಮಗಳಿಗೆ ಎರಡು ವರ್ಷ. ಮುಂದಿನ ತಿಂಗಳು ಅತ್ತೆ ಬರುತ್ತಾರೆ, ಅವರ ಕಾಫಿಗೆ ನಲ್ಲಿ ನೀರೇ ಆಗಬೇಕು. ಕುಡಿಯಬಹುದಾ? ಇಷ್ಟು ವರ್ಷ ಸರ್ಕಾರ ಶುಚಿ ಮಾಡಿದರೂ ಯಾಕೆ ಮುಗಿದಿಲ್ಲ?

ಸಾಗರದ ಅಕ್ಕ:
ನಲ್ಲಿ ನೀರಿನ ಚಿಂತೆ ಬಿಡಮ್ಮ. ಊರಿಗೆ ಬರುವ ನೀರಲ್ಲಿ ಬಹುಪಾಲು ಸಿಯೆರಾ ಬೆಟ್ಟದ ಹೆಚ್ ಹೆಚಿ ಜಲಾಶಯದ್ದು. ಅತ್ತೆಗೆ ಧೈರ್ಯವಾಗಿ ಕಾಫಿ ಕೊಡು. ನೀನು ಕೇಳಬೇಕಾದದ್ದು ಮನೆಯೊಳಗಿನ ಗಾಳಿ ಬಗ್ಗೆ.

ಅಲ್ಲಿ ಫೇರ್‌ಚೈಲ್ಡ್, ಇಂಟೆಲ್, ರೇಥಿಯಾನ್ ಇವರ ಚಿಪ್ ಕಾರ್ಖಾನೆಗಳಿದ್ದವು. ಜಿಡ್ಡು ತೆಗೆಯಲು ಟಿಸಿಇ ಅನ್ನುವ ದ್ರಾವಕ ಬಳಸುತ್ತಿದ್ದರು. ಅದು ನೆಲದಡಿಯ ತೊಟ್ಟಿ, ಪೈಪುಗಳಿಂದ ಸೋರಿತು. 1980ರ ದಶಕದ ಶುರುವಿನಲ್ಲಿ ಗೊತ್ತಾಯಿತು. 1989ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ ತೀರ್ಮಾನ ಮಾಡಿತು: ಕೆಟ್ಟ ನೀರನ್ನು ಪಂಪಿನಿಂದ ಎತ್ತಿ ಶುದ್ಧ ಮಾಡಬೇಕು. ಮೊದಮೊದಲು ವಿಷ ಬೇಗ ಇಳಿಯಿತು, ಆಮೇಲೆ ನಿಧಾನವಾಯಿತು. ಟಿಸಿಇ ನೀರಿಗಿಂತ ಭಾರ, ತಳಕ್ಕಿಳಿದು ಜೇಡಿಮಣ್ಣಿನಲ್ಲಿ ಅವಿತುಕೊಳ್ಳುತ್ತದೆ. ಎಣ್ಣೆ ಕುಡಿದ ಮಡಕೆ ಗೊತ್ತಲ್ವಾ? ತೊಳೆದಿಟ್ಟರೂ ಮರುದಿನ ಮತ್ತೆ ಜಿಡ್ಡು. ಹಾಗೇ ಇದು.

ಅದರ ಆವಿ ನೆಲದ ಬಿರುಕಿನಿಂದ ಮನೆಯೊಳಗೆ ಬರಬಹುದು. ಗರ್ಭಿಣಿಯರು ಇನ್ನೂ ಹುಷಾರಾಗಿರಬೇಕು. 2010ರಲ್ಲಿ ಇಪಿಎ ಆ ಆವಿಗೂ ಮಿತಿ ಹಾಕಿತು: ಮನೆಗಳಲ್ಲಿ ಒಂದು ಘನ ಮೀಟರ್ ಗಾಳಿಗೆ 1 ಮೈಕ್ರೋಗ್ರಾಂ. ನಮ್ಮ ಮನೆಯಲ್ಲೂ ಪರೀಕ್ಷೆ ಆಯಿತು. ಉಕ್ಕಿನ ಉರುಟು ಡಬ್ಬಿಯೊಂದನ್ನು ಹಾಲ್‌ನಲ್ಲಿ ಒಂದು ದಿನ ಪೂರ್ತಿ ಇಟ್ಟರು. ಅಂಟು, ಪೇಂಟು ಎಲ್ಲ ಹೊರಗೆ ಹಾಕಿ ಅಂದರು. ಡ್ರೈಕ್ಲೀನ್ ಮಾಡಿಸಿದ ನನ್ನ ರೇಷ್ಮೆ ಸೀರೆಗಳೂ ಕಾರಿಗೆ ಹೋದವು! ಮಿತಿಗಿಂತ ಕಡಿಮೆ ಬಂತು. ನೀನೂ ಆ ವರದಿ ಕೇಳು.

ಹುಬ್ಬಳ್ಳಿ ಹುಡುಗ:
ಅಕ್ಕ ಹೇಳಿದ್ದು ಸರಿ. ಒಂದೇ ತಿದ್ದುಪಡಿ: ಸರ್ಕಾರದ್ದು ಮೇಲ್ವಿಚಾರಣೆ, ದುಡ್ಡು ಹಾಕುವುದು ಆ ಕಂಪನಿಗಳು. 1980ರ ಸೂಪರ್‌ಫಂಡ್ ಕಾನೂನು ಹೇಳುವುದೇ ಅದು, ಕೆಡಿಸಿದವರೇ ಕಟ್ಟಬೇಕು. ಪಕ್ಕದ ಮಾಫೆಟ್ ಫೀಲ್ಡ್ ವಿಮಾನ ನಿಲ್ದಾಣದಲ್ಲಿ ಮಾತ್ರ ನೌಕಾಪಡೆ, ನಾಸಾ ಪಾಲೂ ಇದೆ. ಇಲ್ಲಿಂದ ಬೇರೆ ಊರಿಗೆ ಓಡಿದರೂ ಜಾಸ್ತಿ ಲಾಭವಿಲ್ಲ, ಸಾಂತಾ ಕ್ಲಾರಾ ಕೌಂಟಿಯಲ್ಲೇ ಇಂಥ 23 ಜಾಗಗಳಿವೆ.

ತಿಪಟೂರಿನವಳು:
ಮಾಲೀಕರಿಗೆ ಬರೆದೆ. ಮನೆ ಹೊಸದು, ಕಟ್ಟುವಾಗಲೇ ಆವಿ ತಡೆಯುವ ಹಾಳೆ, ಅದನ್ನು ಹೊರಗೆ ಬಿಡುವ ಪೈಪು ಹಾಕಿದ್ದಾರಂತೆ. ವರದಿ ಕಳಿಸಿ ಅಂದರೆ "ಹುಡುಕುತ್ತೇನೆ" ಅಂದಿದ್ದಾರೆ.

ಸಾಗರದ ಅಕ್ಕ:
ಹುಡುಕಲಿ. ಸಿಗುವವರೆಗೆ ಸಹಿ ಹಾಕಬೇಡ.