ಬೆರಳು ಬಿಡಿಸುವ ಮುನ್ನ

ತಂಗಿ, ನಿನ್ನ ಸಂದೇಶವನ್ನು ಎರಡು ಸಲ ಕೇಳಿದೆ. ಮೂರನೇ ತರಗತಿಗೆ ಬಂದರೂ ಪುಟ್ಟಿ ಬೆರಳು ಮಡಚಿಯೇ ಕೂಡುತ್ತಾಳೆ, ಬಾಯಿಲೆಕ್ಕ ಬರುವುದಿಲ್ಲ, ಗಡಿಯಾರ ಇಟ್ಟುಕೊಂಡು ದಿನಾ ಇಪ್ಪತ್ತು ಲೆಕ್ಕ ಮಾಡಿಸಲೇ ಎಂದು ಕೇಳಿದ್ದೀಯೆ. ಬೇಡ. ಇಷ್ಟು ವರ್ಷ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳಾಗಿ ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಹೆದರಿದ ಮಗುವಿನ ತಲೆಯಲ್ಲಿ ಅಂಕಿ ನಿಲ್ಲುವುದಿಲ್ಲ. ಹೊತ್ತು ಮೀರುತ್ತಿದೆ ಎಂಬ ಚಿಂತೆಯೇ ಅಲ್ಲಿ ಜಾಗ ಹಿಡಿದು ಕೂರುತ್ತದೆ.

ಬೆರಳೆಣಿಸಿದ್ದಕ್ಕೆ ಬೈಯಲೂ ಬೇಡ. ಬೈದರೆ ಮೇಜಿನ ಕೆಳಗೆ ಎಣಿಸುತ್ತಾಳೆ, ಅಷ್ಟೆ. ಬೆರಳು ತಾನಾಗಿ ಬಿಡಬೇಕಾದರೆ ಹತ್ತರ ಜೋಡಿಗಳು ನಾಲಿಗೆಯ ಮೇಲಿರಬೇಕು: ಏಳಕ್ಕೆ ಮೂರು, ಎಂಟಕ್ಕೆ ಎರಡು, ಆರಕ್ಕೆ ನಾಲ್ಕು. ಆಮೇಲೆ 8 + 7 ಕೊಡು. ಏಳರಿಂದ ಎರಡನ್ನು ತೆಗೆದು ಎಂಟಕ್ಕೆ ಕೊಟ್ಟರೆ ಹತ್ತಾಯಿತು, ಉಳಿದದ್ದು ಐದು, ಹದಿನೈದು. ನಮ್ಮ ಭಾಷೆಯೇ ಇದಕ್ಕೆ ನೆರವಾಗುತ್ತದೆ ನೋಡು, ಹದಿನೈದು ಎಂಬ ಪದದೊಳಗೇ ಹತ್ತೂ ಇದೆ, ಐದೂ ಇದೆ. ಅದನ್ನು ಬಿಡಿಸಿ ತೋರಿಸಿದಾಗ ಮಕ್ಕಳ ಮುಖ ಅರಳುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವುದು. ಉತ್ತರ ಎಷ್ಟು ಎಂದು ಕೇಳಿ ಸುಮ್ಮನಾಗಬೇಡ, ಹೇಗೆ ಬಂತು ಎಂದೂ ಕೇಳು. ಸರಿಯುತ್ತರ ಬಂದಾಗಲೂ ಕೇಳು; ಇಲ್ಲದಿದ್ದರೆ ಆ ಪ್ರಶ್ನೆ ಬಂತೆಂದರೆ ತಪ್ಪಾಗಿದೆ ಎಂದೇ ಗಾಬರಿಯಾಗುತ್ತಾಳೆ. ನನ್ನ ತರಗತಿಯ ಹುಡುಗನೊಬ್ಬ 52ರಿಂದ 38 ಕಳೆದರೆ 26 ಎನ್ನುತ್ತಿದ್ದ. ಎಷ್ಟು ತಿದ್ದಿದರೂ ಮತ್ತೆ ಅದೇ. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಹೇಗೆಂದು ಕೇಳಿದೆ. "ಎರಡರಲ್ಲಿ ಎಂಟು ಹೋಗುವುದಿಲ್ಲ, ಅದಕ್ಕೇ ಎಂಟರಲ್ಲಿ ಎರಡು ಕಳೆದೆ" ಎಂದ. ದಶಕ ತೆಗೆದುಕೊಳ್ಳುವುದನ್ನು ಮತ್ತೆ ಹೇಳಿಕೊಡಬಹುದಿತ್ತು. ಆದರೆ ಅವನಿಗೆ 52 ಒಂದು ಸಂಖ್ಯೆಯಾಗಿ ಕಾಣುತ್ತಲೇ ಇರಲಿಲ್ಲ, ಪಕ್ಕಪಕ್ಕ ಕುಳಿತ ಎರಡು ಅಂಕಿಗಳಷ್ಟೇ ಆಗಿತ್ತು. ಪುಸ್ತಕ ಮುಚ್ಚಿಸಿ, "38ರಿಂದ 40ಕ್ಕೆ ಎಷ್ಟು ಹೆಜ್ಜೆ?" ಎಂದೆ. ಎರಡು. "40ರಿಂದ 52ಕ್ಕೆ?" ಹನ್ನೆರಡು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹದಿನಾಲ್ಕು!" ಎಂದ. ವಾರ ಕಳೆಯುವುದರೊಳಗೆ ಅವನದೇ ಇನ್ನೊಂದು ಉಪಾಯ ಬಂತು: 52ರಿಂದ 40 ಕಳೆದು, ಹೆಚ್ಚಾಗಿ ಕಳೆದ ಎರಡನ್ನು ಮರಳಿ ಸೇರಿಸುವುದು. ಇಲ್ಲಿ ಮಾತ್ರ ಎಚ್ಚರ ಬೇಕು, ಬಹಳಷ್ಟು ಮಕ್ಕಳು ಆ ಎರಡನ್ನು ಸೇರಿಸುವ ಬದಲು ಮತ್ತೆ ಕಳೆದುಬಿಡುತ್ತಾರೆ. ಒಂದು ಗೆರೆ ಎಳೆದು, ಅದರ ಮೇಲೆ ಸಂಖ್ಯೆಗಳನ್ನು ಸಾಲಾಗಿ ಗುರುತಿಸಿ ತೋರಿಸಿದರೆ ತಿಳಿಯುತ್ತದೆ.

ಮಗ್ಗಿ ಬೇಡವೇ ಎಂದು ಅಣ್ಣ ಕೇಳಿದ್ದಾನೆ. ಖಂಡಿತ ಬೇಕು. ಆದರೆ ಒಂಬತ್ತರ ಮಗ್ಗಿಯಲ್ಲಿ ‘ಒಂಬತ್ತು ಏಳಲಿ’ ಎಂಬಲ್ಲಿ ತಡವರಿಸಿದಾಗ, ಹತ್ತು ಏಳಲಿ ಎಪ್ಪತ್ತು, ಅದರಲ್ಲಿ ಒಂದು ಏಳು ತೆಗೆದರೆ ಅರವತ್ತಮೂರು ಎಂದು ದಾರಿ ಹುಡುಕಿಕೊಳ್ಳುವುದೂ ಗೊತ್ತಿರಲಿ. ಬರೀ ಉರುಹೊಡೆದ ಮಗು ಮರೆತಲ್ಲಿಯೇ ನಿಂತುಬಿಡುತ್ತದೆ.

ದಿನಕ್ಕೆ ಐದು ನಿಮಿಷ ಸಾಕು, ಎರಡೋ ಮೂರೋ ಲೆಕ್ಕ. ಇವತ್ತು ರಾತ್ರಿ 39 + 26 ಕೇಳು. ಒಂದನ್ನು ಆಚೆಯಿಂದ ಈಚೆಗೆ ಕೊಟ್ಟು 40 + 25 ಮಾಡುತ್ತಾಳೋ, ಮೂವತ್ತು ಇಪ್ಪತ್ತು ಮೊದಲು ಕೂಡುತ್ತಾಳೋ ನೋಡು. ನೀನು ಬಾಯಿ ಹಾಕಬೇಡ. ಅವಳು ಹೇಳಿದ್ದನ್ನು ಅವಳ ಧ್ವನಿಯಲ್ಲೇ ಇಲ್ಲಿಗೆ ಕಳಿಸು, ಕೇಳಿಸಿಕೊಂಡು ಮುಂದಿನ ಲೆಕ್ಕ ಯಾವುದು ಎಂದು ಹೇಳುತ್ತೇನೆ.