ರೆಟಿನಾ ನೋಡಿದರೆ ನಾರ್ಮಲ್, ಸಂಜೆಯಾದರೆ ದಾರಿ ಕಾಣದು: ಆಟೊಇಮ್ಯೂನ್ ಇರಬಹುದೇ?

ಪ್ರಶ್ನೆ (ಆಪ್ಟೋಮೆಟ್ರಿಸ್ಟ್, ಮದ್ದೂರು)
ಮೇಡಂ, 54 ವರ್ಷದ ಹೆಂಗಸು. ಮೂರು ನಾಲ್ಕು ತಿಂಗಳಿಂದ ಎರಡೂ ಕಣ್ಣಲ್ಲಿ ಹಗಲು ಹೊತ್ತಲ್ಲೇ ಬೆಳಕು ಮಿಣುಗುತ್ತೆ ಅಂತಾರೆ. ಬಿಸಿಲಿಗೆ ಬಂದರೆ ಕಣ್ಣು ಬಿಡೋಕಾಗಲ್ಲ, ಮುಸ್ಸಂಜೆ ನಾಲೆ ಏರಿ ಮೇಲೆ ನಡೆಯುವಾಗ ಎಡವುತ್ತಾರೆ. ದೃಷ್ಟಿ ಎರಡೂ ಕಡೆ 6/9 (ಹೆಚ್ಚುಕಡಿಮೆ ಸರಿ), ಕಣ್ಣಿನ ಒತ್ತಡ 14 (ನಾರ್ಮಲ್), ಪೊರೆ ಲೆಕ್ಕಕ್ಕಿಲ್ಲ. ಪಾಪೆ ಹಿಗ್ಗಿಸಿ ನೋಡಿದರೂ ರೆಟಿನಾದಲ್ಲಿ (ಕಣ್ಣಿನ ಹಿಂಬದಿಯ, ಬೆಳಕು ಗ್ರಹಿಸುವ ಪರದೆ) ತೊಂದರೆ ಏನೂ ಕಾಣಲಿಲ್ಲ. ಶುಗರ್ ಇಲ್ಲ, ಥೈರಾಯ್ಡ್ ಮಾತ್ರೆ ನಡೀತಿದೆ. ಎರಡು ಸಲ ಕನ್ನಡಕ ಬದಲಾಗಿದೆ. ಮನೆಯವರು ಟೆನ್ಷನ್ ಅಂತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ರೆಟಿನಾ ತಜ್ಞೆ, ಮೈಸೂರು)
ಟೆನ್ಷನ್ ಅಂತ ದಯವಿಟ್ಟು ಬರೆಯಬೇಡಿ. ಮಿಣುಗು ಬೆಳಕು, ಬಿಸಿಲು ತಡೆಯದಿರುವುದು, ಇರುಳುಗುರುಡು ಈ ಮೂರೂ ನಡುವಯಸ್ಸಿನಲ್ಲಿ ಕೆಲವೇ ತಿಂಗಳಲ್ಲಿ ಒಟ್ಟಿಗೆ ಬಂದರೆ ಆಟೊಇಮ್ಯೂನ್ ರೆಟಿನೋಪತಿ ಅನುಮಾನದ ಪಟ್ಟಿಯಲ್ಲಿ ಇರಲೇಬೇಕು. ಇದರಲ್ಲಿ ದೇಹದ ಆಂಟಿಬಾಡಿಗಳು ರೆಟಿನಾದ ಪ್ರೋಟೀನ್‌ಗಳ ಮೇಲೆ ತಿರುಗಿಬೀಳುತ್ತವೆ. ಹೆಚ್ಚು ಅಧ್ಯಯನವಾಗಿರುವುದು ರಿಕವರಿನ್, ಆಲ್ಫಾ ಎನೊಲೇಸ್. ರಿಕವರಿನ್ ರೆಟಿನಾದ ಬೆಳಕು ಗ್ರಹಿಸುವ ಕೋಶಗಳಾದ ರಾಡ್ ಮತ್ತು ಕೋನ್ ಎರಡರಲ್ಲೂ ಇರುತ್ತೆ. ಕೋನ್ ಕೆಟ್ಟಾಗ ಬಿಸಿಲಿನ ಕಾಟ, ಬಣ್ಣ ಮಾಸುವುದು. ರಾಡ್ ಕೆಟ್ಟಾಗ ಸಂಜೆಯ ಕಷ್ಟ. ಮಧ್ಯದ ದೃಷ್ಟಿ ಕೊನೆವರೆಗೂ ಉಳಿಯಬಹುದು, ಹಾಗಾಗಿ 6/9 ನೋಡಿ ಸಮಾಧಾನಪಡುವಂತಿಲ್ಲ.

ರೆಟಿನಾ ಸರಿ ಕಾಣುವುದೇ ಈ ರೋಗದ ಮೋಸ. ಕಣ್ಣೊಳಗೆ ಉರಿಯೂತದ ಕೋಶಗಳು ಇರುವುದಿಲ್ಲ ಅಥವಾ ತೀರಾ ಕಡಿಮೆ. ರಕ್ತನಾಳ ಸಣಕಲಾಗುವುದು, ಡಿಸ್ಕ್ (ಕಣ್ಣಿನ ನರದ ತುದಿ) ಬಿಳಿಚುವುದು, ವರ್ಣದ ಪದರ ಚುಕ್ಕೆಚುಕ್ಕೆಯಾಗುವುದು ಇವೆಲ್ಲ ತಡವಾಗಿ ಬರುತ್ತವೆ. ಅಷ್ಟರಲ್ಲಿ ಕೋಶಗಳು ಸತ್ತಿರುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ.

ನಿಮ್ಮಲ್ಲೇ ಇವತ್ತು ಆಗುವುದು: ಒಂದೊಂದು ಕಣ್ಣಿಗೂ ಇಶಿಹಾರ (ಬಣ್ಣದ ಪರೀಕ್ಷೆ), ಕಾಂಟ್ರಾಸ್ಟ್ ಚಾರ್ಟ್ ಇದ್ದರೆ ಅದು, ಮತ್ತೆ 30-2 ಫೀಲ್ಡ್ (ಸುತ್ತ ಎಷ್ಟು ಕಾಣುತ್ತೆ ಅಂತ ಅಳೆಯುವ ಪರೀಕ್ಷೆ). ನಡುಭಾಗವನ್ನಷ್ಟೇ ಅಳೆಯುವ 10-2 ಮಾತ್ರ ಮಾಡಿದರೆ ಹೊರಗಿನ ಉಂಗುರದಂಥ ಕತ್ತಲೆ ತಪ್ಪಿಹೋಗುತ್ತೆ. ಆಮೇಲೆ ಓಸಿಟಿ (ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್). ಅದರಲ್ಲಿ ರಾಡ್, ಕೋನ್‌ಗಳ ಆರೋಗ್ಯ ತೋರಿಸುವ ಎಲಿಪ್ಸಾಯ್ಡ್ ಗೆರೆ ನಡುವೆ ಇದ್ದು ಸುತ್ತ ಅಳಿಸಿಹೋಗಿದೆಯಾ ನೋಡಿ. ಆಟೊಫ್ಲೋರೆಸೆನ್ಸ್ ಫೋಟೊದಲ್ಲಿ ಮ್ಯಾಕುಲಾ (ರೆಟಿನಾದ ನಡುಭಾಗ) ಸುತ್ತ ಹೊಳೆಯುವ ಉಂಗುರ ಕಂಡರೆ ಅನುಮಾನ ಗಟ್ಟಿ. ಆದರೆ ಮುಖ್ಯ ಪರೀಕ್ಷೆ ಇಆರ್‌ಜಿ (ಬೆಳಕಿಗೆ ರೆಟಿನಾ ಕೊಡುವ ವಿದ್ಯುತ್ ಉತ್ತರದ ದಾಖಲೆ). ಎಲ್ಲ ಕಡೆ ಇರಲ್ಲ, ಫೋನ್ ಮಾಡಿ ವಿಚಾರಿಸಿಯೇ ಕಳಿಸಿ.

ಆರ್‌ಪಿ (ರೆಟಿನೈಟಿಸ್ ಪಿಗ್ಮೆಂಟೋಸಾ, ವಂಶದಲ್ಲಿ ಬರುವ ರೆಟಿನಾ ಕಾಯಿಲೆ) ಜೊತೆ ಗೊಂದಲ ಬೇಡ. ನಮ್ಮ ಮಂಡ್ಯ, ಮೈಸೂರು ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆತನಗಳಲ್ಲಿ ಆರ್‌ಪಿ ಕೇಳಿಬರುತ್ತೆ. ಅದು ಚಿಕ್ಕಂದಿನಿಂದ ಇಲ್ಲವೇ ಹರೆಯದಿಂದ ವರ್ಷಗಟ್ಟಲೆ ನಿಧಾನ ಬೆಳೆಯುವ ಕಾಯಿಲೆ. "ಸಣ್ಣವರಿದ್ದಾಗ ರಾತ್ರಿ ಗದ್ದೆ ಬದುವಿನ ಮೇಲೆ ಒಬ್ಬರೇ ಹೋಗ್ತಿದ್ರಾ?" ಅಂತ ಕೇಳಿ. ಹೋಗ್ತಿದ್ದೆ, ಈಗಷ್ಟೇ ಆಗಲ್ಲ ಅಂದರೆ ಆರ್‌ಪಿ ದೂರ ಸರಿಯುತ್ತೆ. ವಿಟಮಿನ್ ಎ ಕೊರತೆಯನ್ನೂ ಬಿಡಬೇಡಿ. ಲಿವರ್ ಕಾಯಿಲೆ, ಕರುಳಿನ ಶಸ್ತ್ರಚಿಕಿತ್ಸೆ ಆದವರಲ್ಲಿ ಲಕ್ಷಣ ಹೀಗೇ ಇರುತ್ತೆ, ಚಿಕಿತ್ಸೆಯಿಂದ ಸರಿಹೋಗುವಂಥದ್ದು. ರಕ್ತದಲ್ಲಿ ರೆಟಿನಾಲ್ (ವಿಟಮಿನ್ ಎ) ಮಟ್ಟದ ಪರೀಕ್ಷೆ ಮಾಡಿಸಿ.

ಪ್ರಶ್ನೆ (ಫಿಜಿಷಿಯನ್, ಮಂಡ್ಯ)
ರೆಟಿನಾ ಆಂಟಿಬಾಡಿ ಟೆಸ್ಟ್ ಪಾಸಿಟಿವ್ ಬಂದರೆ ಸಾಕಲ್ವಾ ಮೇಡಂ? ಕ್ಯಾನ್ಸರ್ ಹುಡುಕಬೇಕು ಅಂತಾರಲ್ಲ, ಎಷ್ಟು ದೂರ ಹೋಗಬೇಕು?

ಉತ್ತರ (ರೆಟಿನಾ ತಜ್ಞೆ)
ಸಾಕಾಗಲ್ಲ ಡಾಕ್ಟ್ರೇ. ಕಣ್ಣು ಸರಿಯಿರುವವರ ರಕ್ತದಲ್ಲೂ ರೆಟಿನಾ ವಿರುದ್ಧದ ಆಂಟಿಬಾಡಿ ಸಿಗುತ್ತವೆ. ಒಂದು ಲ್ಯಾಬ್‌ನ ಫಲಿತಾಂಶ ಇನ್ನೊಂದಕ್ಕೆ ಹೊಂದಲ್ಲ. ಲಕ್ಷಣ, ಫೀಲ್ಡ್, ಇಆರ್‌ಜಿ ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಆ ಪಾಸಿಟಿವ್‌ಗೆ ಬೆಲೆ. ಎಎನ್‌ಎ (ಆಟೊಇಮ್ಯೂನ್ ಕಾಯಿಲೆಗೆ ಮಾಡುವ ಸಾಮಾನ್ಯ ರಕ್ತಪರೀಕ್ಷೆ) ಪಾಸಿಟಿವ್ ಅಂತ ಕಳಿಸಿಬಿಡುವುದೂ ಅಷ್ಟೇ ತಪ್ಪು.

ಕ್ಯಾನ್ಸರ್ ಹುಡುಕಲೇಬೇಕು. ಕ್ಯಾನ್ಸರ್‌ನಿಂದ ಬರುವ ಈ ರೆಟಿನೋಪತಿ 1976ರಲ್ಲಿ ಮೊದಲು ವರದಿಯಾಯಿತು. ಗೆಡ್ಡೆಯ ಕೋಶಗಳು ರಿಕವರಿನ್‌ನಂಥ ಪ್ರೋಟೀನ್ ತಯಾರಿಸುತ್ತವೆ, ಅದರ ವಿರುದ್ಧ ಹುಟ್ಟಿದ ಆಂಟಿಬಾಡಿ ಕಣ್ಣಿಗೂ ತಗಲುತ್ತೆ. ಹೆಚ್ಚಾಗಿ ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್, ಆಮೇಲೆ ಸ್ತನ, ಗರ್ಭಕೋಶ, ಅಂಡಾಶಯ. ಗೆಡ್ಡೆ ಪತ್ತೆಯಾಗುವ ತಿಂಗಳುಗಳ ಮೊದಲೇ ಕಣ್ಣು ಕೆಡಬಹುದು. ಈ ಹೆಂಗಸಿಗೆ ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸಿಟಿ, ಮ್ಯಾಮೊಗ್ರಾಂ, ಸ್ತ್ರೀರೋಗ ತಜ್ಞರ ತಪಾಸಣೆ ಇಷ್ಟು ಮೊದಲು. ಸಿಗದಿದ್ದರೂ ಅನುಮಾನ ಬಲವಾಗಿದ್ದರೆ ಪೆಟ್ ಸಿಟಿ. ಒಂದು ಸಲ ಸಿಗಲಿಲ್ಲ ಅಂತ ಫೈಲ್ ಮುಚ್ಚಬೇಡಿ, ಕೆಲವು ತಿಂಗಳ ನಂತರ ಮತ್ತೆ ನೋಡಬೇಕು. ಕ್ಯಾನ್ಸರ್ ಇಲ್ಲದ ಬಗೆ ಹೆಂಗಸರಲ್ಲಿ ಜಾಸ್ತಿ. ಅವರಿಗೋ ಮನೆಯವರಿಗೋ ಬೇರೆ ಆಟೊಇಮ್ಯೂನ್ ಕಾಯಿಲೆ ಇರುವುದು ಸಾಮಾನ್ಯ. ಇವರ ಥೈರಾಯ್ಡ್ ಕಾಯಿಲೆ ಯಾವ ಬಗೆಯದು ಅಂತ ಕೇಳಬೇಕಾದ್ದು ಅದಕ್ಕೇ.

ಚಿಕಿತ್ಸೆ: ಸ್ಟಿರಾಯ್ಡ್, ಮೈಕೊಫೀನೊಲೇಟ್, ಐವಿಐಜಿ, ರಿಟುಕ್ಸಿಮಾಬ್ ಹೀಗೆ ದೇಹದ ಈ ತಪ್ಪು ದಾಳಿ ತಗ್ಗಿಸುವ ಔಷಧಗಳನ್ನು ಬಳಸುತ್ತಾರೆ. ದೊಡ್ಡ ಪ್ರಯೋಗಗಳು ನಡೆದಿಲ್ಲ, ಆದ್ದರಿಂದ ಗ್ಯಾರಂಟಿ ಮಾತು ಕೊಡಬಾರದು. ಉಳಿದ ದೃಷ್ಟಿ ಉಳಿಸುವುದು ಗುರಿ. ಗೆಡ್ಡೆ ತೆಗೆದಮೇಲೂ ಕಣ್ಣು ಕೆಡುತ್ತಾ ಹೋಗಬಹುದು, ಅದನ್ನು ಮೊದಲೇ ಹೇಳಿಡಿ.

ಸೇರ್ಪಡೆ (ಇಆರ್‌ಜಿ ಟೆಕ್ನಿಷಿಯನ್, ಮೈಸೂರು)
ಇಆರ್‌ಜಿಗೆ ಕಳಿಸುವ ದಿನ ಆಂಜಿಯೊ (ಬಣ್ಣದ ದ್ರವ ಕೊಟ್ಟು ತೆಗೆಯುವ ರೆಟಿನಾ ರಕ್ತನಾಳದ ಫೋಟೊ), ಫಂಡಸ್ (ಕಣ್ಣಿನ ಹಿಂಬದಿಯ) ಫೋಟೊ ಮೊದಲು ಮಾಡಿಸಬೇಡಿ. ಆಗಿಬಿಟ್ಟಿದ್ದರೆ ಸಾಮಾನ್ಯ ಬೆಳಕಲ್ಲಿ ಕನಿಷ್ಠ 30 ನಿಮಿಷ ಕೂರಿಸಬೇಕು. ಪಾಪೆ ಪೂರ್ತಿ ಹಿಗ್ಗಿಸಿ, 20 ನಿಮಿಷ ಪೂರ್ತಿ ಕತ್ತಲು, ಮಂದ ಬೆಳಕಿನ ಫ್ಲಾಶ್‌ನಿಂದ ರಾಡ್ ಉತ್ತರ ತೆಗೆದು ಆಮೇಲೆ ಜೋರು ಫ್ಲಾಶ್. ನಂತರ 10 ನಿಮಿಷ ಬೆಳಕಿಗೆ ಹೊಂದಿಸಿ ಕೋನ್ ಉತ್ತರ, 30 ಹರ್ಟ್ಸ್ ಫ್ಲಿಕರ್. ಕತ್ತಲ ಹೊತ್ತಲ್ಲಿ ಜೊತೆಯವರ ಮೊಬೈಲ್ ಬೆಳಗಿದರೆ ಅಷ್ಟು ಹೊತ್ತೂ ದಂಡ. ಎಲೆಕ್ಟ್ರೋಡ್ ಅಂಟಿಸುವ ಹಣೆಯ ಚರ್ಮ ಸರಿಯಾಗಿ ಒರೆಸದಿದ್ದರೆ, ರೋಗಿ ಪದೇಪದೇ ರೆಪ್ಪೆ ಬಡಿದರೆ ಗೆರೆ ಕೆಟ್ಟು ಕಾಯಿಲೆಯಂತೆ ಕಾಣುತ್ತೆ. ಒಂದೇ ಉತ್ತರ ಎರಡು ಸಲ ಸಿಕ್ಕರೆ ಮಾತ್ರ ವರದಿ. ಆ ಗೆರೆಯಲ್ಲಿ ಮೊದಲ ಎ ತರಂಗ ಇದ್ದು ಅದರ ನಂತರದ ಬಿ ತರಂಗ ಕುಸಿದಿದ್ದರೆ ಮೆಲನೋಮಾ (ಹೆಚ್ಚಾಗಿ ಚರ್ಮದಲ್ಲಿ ಬರುವ ಒಂದು ಕ್ಯಾನ್ಸರ್) ಜೊತೆಗಿನ ಬಗೆಯನ್ನೂ ನೆನೆಯಬೇಕು, ನಮ್ಮ ಕಡೆ ಅದು ಅಪರೂಪ.

ಪ್ರಶ್ನೆ (ಫಿಜಿಷಿಯನ್, ಮಂಡ್ಯ)
ಇನ್ನೊಂದು ಕೇಸ್. ಲೂಪಸ್ (ಇದೂ ಆಟೊಇಮ್ಯೂನ್ ಕಾಯಿಲೆ) ಇರುವ 48 ಕೆಜಿ ಹುಡುಗಿ ಅದಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ದಿನಕ್ಕೆ 400 ಮಿಗ್ರಾಂ ತಗೊಳ್ತಿದ್ದಾಳೆ. ಕಣ್ಣಿಗೆ ಹೆಚ್ಚಾಯ್ತಾ?

ಉತ್ತರ (ರೆಟಿನಾ ತಜ್ಞೆ)
ಹೆಚ್ಚು. ಕೆಜಿಗೆ 5 ಮಿಗ್ರಾಂ ಮೀರಬಾರದು, ಅಂದರೆ 240. ದಿನಕ್ಕೊಂದು 200ರ ಮಾತ್ರೆ, ವಾರಕ್ಕೊಂದು ದಿನ ಎರಡು ಕೊಟ್ಟರೆ ಮಿತಿಯೊಳಗೆ ಬರುತ್ತೆ. ಆದರೆ ರುಮಟಾಲಜಿಸ್ಟ್ ಕೇಳದೆ ಬದಲಿಸಬೇಡಿ. ಆ ಮಾತ್ರೆ ಅವಳ ಕಿಡ್ನಿ ಕಾಯುತ್ತೆ. ಮೊದಲ ವರ್ಷದೊಳಗೆ ಒಂದು ತಪಾಸಣೆ, 5 ವರ್ಷದ ನಂತರ ವರ್ಷಕ್ಕೊಮ್ಮೆ. ಕಿಡ್ನಿ ಕೆಟ್ಟಿದ್ದರೆ ಇನ್ನೂ ಬೇಗ. ನಮ್ಮ ಏಷ್ಯಾದವರಲ್ಲಿ ಹಾನಿ ಮ್ಯಾಕುಲಾದ ಅಂಚಿನಿಂದಾಚೆ ಶುರುವಾಗಬಹುದು, 10-2 ಜೊತೆ ಇನ್ನೂ ಅಗಲ ಅಳೆಯುವ 24-2 ಫೀಲ್ಡ್ ಕೂಡ ಮಾಡಿಸಿ. ರೆಟಿನಾದಲ್ಲಿ ಹತ್ತಿಯಂಥ ಬಿಳಿ ಚುಕ್ಕೆ, ರಕ್ತದ ಕಲೆ ಕಂಡರೆ ಅದು ಮಾತ್ರೆಯದಲ್ಲ, ಲೂಪಸ್ ಕೆರಳಿದೆ ಅಂತ. ಬಿಪಿ, ಮೂತ್ರದ ಪ್ರೋಟೀನ್, ಆಂಟಿಫಾಸ್ಫೊಲಿಪಿಡ್ ಆಂಟಿಬಾಡಿ (ರಕ್ತ ಹೆಪ್ಪುಗಟ್ಟಿಸುವಂಥದ್ದು) ಅದೇ ದಿನ ನೋಡಿ.

ಪ್ರಶ್ನೆ (ಆಪ್ಟೋಮೆಟ್ರಿಸ್ಟ್, ಮದ್ದೂರು)
ಯಾವುದನ್ನು ಕಾಯಿಸದೆ ಅಂದೇ ಕಳಿಸಬೇಕು ಮೇಡಂ?

ಉತ್ತರ (ರೆಟಿನಾ ತಜ್ಞೆ)
ತಲೆನೋವು, ಕಿವಿಯಲ್ಲಿ ಗುಂಯ್‌ಗುಡುವುದು, ಕುತ್ತಿಗೆ ಬಿಗಿತ ಇದ್ದು, ಕೆಲವೇ ದಿನದಲ್ಲಿ ಎರಡೂ ಕಣ್ಣು ಮಬ್ಬಾದರೆ ವಿಕೆಎಚ್ (ವೋಗ್ಟ್-ಕೊಯನಾಗಿ-ಹರಾಡ, ಎರಡೂ ಕಣ್ಣಿನ ಆಟೊಇಮ್ಯೂನ್ ಉರಿಯೂತ) ನೆನೆಯಿರಿ. ರೆಟಿನಾ ಕೆಳಗೆ ನೀರು ನಿಂತಿರುತ್ತೆ, ಓಸಿಟಿಯಲ್ಲಿ ಕಾಣುತ್ತೆ. ಸಾಮಾನ್ಯವಾಗಿ ಮೀಥೈಲ್‌ಪ್ರೆಡ್ನಿಸಲೋನ್ ದಿನಕ್ಕೆ 1 ಗ್ರಾಂ, 3 ದಿನ ನರದ ಮೂಲಕ. ಆಮೇಲೆ ಮಾತ್ರೆ, ಕನಿಷ್ಠ 6 ತಿಂಗಳಲ್ಲಿ ನಿಧಾನ ಇಳಿಸುವುದು. ಬೇಗ ನಿಲ್ಲಿಸಿದರೆ ಮರುಕಳಿಸುತ್ತೆ. ಶುರುಮಾಡುವ ಮೊದಲು ಶುಗರ್, ಮಾಂಟೂ (ಟಿಬಿಗೆ ಚರ್ಮದ ಪರೀಕ್ಷೆ), ಎದೆಯ ಎಕ್ಸ್‌ರೇ, ಸಿಫಿಲಿಸ್ ಪರೀಕ್ಷೆ ಬೇಕೇ ಬೇಕು. ಟಿಬಿ ಅಥವಾ ಸಿಫಿಲಿಸ್ ಇದೇ ವೇಷದಲ್ಲಿ ಬರುತ್ತೆ, ಬರಿಯ ಸ್ಟಿರಾಯ್ಡ್ ಕೊಟ್ಟರೆ ಕೆರಳುತ್ತೆ.

ನಿಮ್ಮ ರೋಗಿಯ ಪತ್ರದಲ್ಲಿ ಶುರುವಾದ ತಿಂಗಳು, ಮಿಣುಗು ನಿರಂತರವೋ ಬಿಟ್ಟುಬಿಟ್ಟೋ, ಬೀಡಿ ಸಿಗರೇಟಿನ ಹೊಗೆಯ ಒಡನಾಟ, ತೂಕ ಇಳಿದಿದೆಯಾ, ಎಲ್ಲ ಮಾತ್ರೆಗಳ ಹೆಸರು, ಫೀಲ್ಡ್ ಪ್ರಿಂಟ್ ಎರಡೂ ಕಣ್ಣಿನದು ಸೇರಿಸಿ. ಈ ವಾರದಲ್ಲೇ ಕಳಿಸಿ.